ಇಂಟರ್ನೆಟ್ ಬಂದ ಮೇಲೆ ಜನ ವಿಷಯ ತಿಳಿದು ಓಟು ಹಾಕುತ್ತಿದ್ದಾರಾ?

ಇಂಟರ್ನೆಟ್ ಹಳ್ಳಿಗೂ ಬಂದ ಮೇಲೆ ಮತದಾರರಿಗೆ ಸರಿಯಾದ ವಿಷಯ ಗೊತ್ತಾಗುತ್ತಿದೆಯಾ ಎಂದು ಕೇಳಿದ್ದೀರಿ. ನಾನು ಕೋಲಾರ ಜಿಲ್ಲೆಯ ಮುಳಬಾಗಿಲಲ್ಲಿ ಹದಿಮೂರು ವರ್ಷದಿಂದ ಸೈಬರ್ ಸೆಂಟರ್ ಇಟ್ಟುಕೊಂಡಿದ್ದೇನೆ. ಪಹಣಿ, ಆಧಾರ್ ಪ್ರಿಂಟ್, ರಿಸಲ್ಟ್, ಜೆರಾಕ್ಸ್. ಅಲ್ಲಿ ಕೂತು ಕಂಡದ್ದನ್ನು ಹೇಳುತ್ತೇನೆ.

ತಾನಾಗೇ ಫೋನಿಗೆ ಬಂದು ಬೀಳುವುದನ್ನು ಜನ ನೋಡುತ್ತಾರೆ. ಹುಡುಕಬೇಕಾದ್ದನ್ನು ನೋಡುವವರು ಕಡಿಮೆ. ಅಭ್ಯರ್ಥಿಯ ಆಸ್ತಿ, ಸಾಲ, ಕೇಸು, ಓದು ಮತದಾರನಿಗೆ ಗೊತ್ತಾಗಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಅಭ್ಯರ್ಥಿ ಇದನ್ನೆಲ್ಲ ಬರೆದುಕೊಡುವ ಅಫಿಡವಿಟ್ ಈಗ ಚುನಾವಣಾ ಆಯೋಗದ ಸೈಟಿನಲ್ಲೇ ಸಿಗುತ್ತದೆ. 2023ರ ವಿಧಾನಸಭೆ ಚುನಾವಣೆಯಲ್ಲಿ ನನ್ನ ಅಂಗಡಿಯಲ್ಲಿ ಅದರ ಪ್ರಿಂಟ್ ತೆಗೆಸಿದವರು ಇಬ್ಬರು. ಇಬ್ಬರೂ ಎದುರು ಪಾರ್ಟಿಯವರು!

ಕೆ.ಸಿ. ವ್ಯಾಲಿ ನೀರಿನ ವಿಷಯವೂ ಹಾಗೇ ಆಯಿತು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರಿನಂತೆ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಅದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮುಂದಿನ ತಿಂಗಳೇ ನೊರೆ ಎದ್ದಿತು. ನೊರೆಯ ವಿಡಿಯೋ ಸುಳ್ಳಲ್ಲ, ಅದು ಹರಡಿದ್ದೂ ಒಳ್ಳೆಯದೇ ಆಯಿತು. ಆದರೆ ಅದೇ ವಿಡಿಯೋ ನಮ್ಮ ಗ್ರೂಪುಗಳಲ್ಲಿ ಎರಡು ವರ್ಷ ‘ಇವತ್ತು ಬೆಳಿಗ್ಗೆಯದು’ ಎಂದು ಓಡಾಡಿತು. ಯೋಜನೆ ಬೇಕು ಎನ್ನುವ ಇನ್ನೊಂದು ಗುಂಪಿನವರು, ಅಂತರ್ಜಲ ಏರಿತು ನೋಡಿ ಎಂದು ಬೋರ್‌ವೆಲ್ ಉಕ್ಕುವ ವಿಡಿಯೋ ಕಳಿಸಿದರು. ನೀರನ್ನು ಎರಡು ಹಂತ ಮಾತ್ರ ಶುದ್ಧ ಮಾಡುತ್ತಾರೆ, ಮೂರನೇ ಹಂತ ಯಾಕಿಲ್ಲ ಎಂದು ಹೋರಾಟಗಾರರು ಕೇಳುತ್ತಲೇ ಇದ್ದರು. ನನ್ನ ಅಂಗಡಿ ಮುಂದೆ ಆ ಮಾತೇ ಬರಲಿಲ್ಲ. ನೊರೆ ಪಾರ್ಟಿ, ಬೋರ್‌ವೆಲ್ ಪಾರ್ಟಿ, ಅಷ್ಟೇ. ಒಂದು ಮೆಸೇಜನ್ನು ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದು ಎಂದು ವಾಟ್ಸಾಪ್‌ನವರು ಕಡಿವಾಣ ಹಾಕಿದ್ದೂ ನೊರೆ ಎದ್ದ ಅದೇ ಜುಲೈನಲ್ಲಿ. ಐದು ಗ್ರೂಪ್ ಅಂದರೆ ನಮ್ಮ ಕಡೆ ಒಂದು ಹೋಬಳಿ ಮುಗಿಯಿತು.

ಹುಡುಕದಿರುವುದು ಬರೀ ಸೋಮಾರಿತನ ಅಲ್ಲ. ನಮ್ಮಲ್ಲಿ ಮನೆಯಲ್ಲಿ ತೆಲುಗು ಮಾತಾಡುವವರು ಜಾಸ್ತಿ. ಓದಿದ್ದು ಕನ್ನಡ. ಸೈಟಿನ ಕಾಲಂಗಳು ನೋಡಿದರೆ ಇಂಗ್ಲಿಷ್. ಫಾರ್ವರ್ಡ್ ಮಾತ್ರ ನಮ್ಮ ಮಾತಿನಲ್ಲೇ ಬರುತ್ತದೆ, ಅಲ್ವಾ?

ನಾಲ್ಕೈದು ವರ್ಷದ ಹಿಂದೆ ಹಳ್ಳಿಯ ಹೆಂಗಸೊಬ್ಬರು ಜೆರಾಕ್ಸ್‌ಗೆ ಬಂದರು. ಕೈಯಲ್ಲಿ ಉದ್ಯೋಗ ಖಾತರಿಯ, ಅಂದರೆ ನರೇಗಾ ಜಾಬ್ ಕಾರ್ಡ್ ಇತ್ತು. ನರೇಗಾ ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಒತ್ತುತ್ತಾ ಹೋದರೆ ಯಾರು ಎಷ್ಟು ದಿನ ಕೆಲಸ ಮಾಡಿದರು, ಎಷ್ಟು ಕೂಲಿ ಬಂತು ಎಲ್ಲ ಕಾಣುತ್ತಿತ್ತು. ಕರೆಂಟ್ ಇತ್ತು, ಗಿರಾಕಿ ಇರಲಿಲ್ಲ. ಸುಮ್ನೆ ತೆಗೆದು ನೋಡಿದೆ.

“ಅಕ್ಕಾ, ಬದುವಿನ ಕೆಲಸಕ್ಕೆ ಹನ್ನೆರಡು ದಿನ ಹೋಗಿದ್ರಾ?”

“ಎಲ್ಲಪ್ಪಾ! ಆಗ ಮಗಳ ಬಾಣಂತನಕ್ಕೆ ಚಿಂತಾಮಣಿಯಲ್ಲಿದ್ದೆ.”

ದುಡ್ಡು ಅವರ ಖಾತೆಗೇ ಬಿದ್ದಿತ್ತಂತೆ. ತಪ್ಪಿ ಬಂದಿದೆ ಎಂದು ಹೇಳಿ ಒಬ್ಬ ಮೇಸ್ತ್ರಿ ಡ್ರಾ ಮಾಡಿಸಿಕೊಂಡು ಹೋಗಿದ್ದ. ಮೂರು ಪುಟ ಪ್ರಿಂಟ್ ಕೊಟ್ಟೆ. ಆಕೆಗೆ ಓದಲು ಬರುತ್ತಿರಲಿಲ್ಲ. ಒಂದೊಂದು ಸಾಲೂ ತೆಲುಗಿನಲ್ಲಿ ಹೇಳಿದೆ. ಅದರಲ್ಲಿ ತೀರಿಹೋದವರ ಹೆಸರೂ ಒಂದಿತ್ತು, ಅದನ್ನು ಆಕೆಯೇ ಹಿಡಿದರು. ನರೇಗಾ ಲೆಕ್ಕವನ್ನು ಊರಿನವರ ಮುಂದೆ ತಾಳೆ ನೋಡುವ ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯಲ್ಲಿ ಆ ಹಾಳೆ ಹಿಡಿದು ಎದ್ದು ನಿಂತರಂತೆ. ನಾನು ಹೋಗಿರಲಿಲ್ಲ. ವಾರದೊಳಗೆ ಅದೇ ಊರಿನ ಎಂಟು ಹತ್ತು ಜನ ತಮ್ಮ ತಮ್ಮ ಕಾರ್ಡ್ ಹಿಡಿದು ಅಂಗಡಿಗೆ ಬಂದರು.

ಆಮೇಲೆ ಪಂಚಾಯ್ತಿ ಕಡೆಯವರೊಬ್ಬರು ಬಂದರು. “ಯಾಕಪ್ಪಾ ಇದನ್ನೆಲ್ಲ ಜನಕ್ಕೆ ಕೊಡ್ತೀಯ?”

“ಸೈಟಿನಲ್ಲೇ ಇದೆ ಅಣ್ಣ. ಪುಟಕ್ಕೆ ಐದು ರೂಪಾಯಿ.”

ಸ್ವಲ್ಪ ಹೊತ್ತು ನಿಂತಿದ್ದು, ಅವರೂ ಎರಡು ಪುಟ ತೆಗೆಸಿಕೊಂಡು ಹೋದರು.