ಎಫ್‌ಪಿಜಿಎ ಬೋರ್ಡ್ ಮಾರಿದ ಲಾಭದಲ್ಲಿ ಓಪನ್ ಸೋರ್ಸ್ ಗ್ರಾಫಿಕ್ಸ್ ಚಿಪ್ ಮಾಡಿಸಬಹುದಾ?

ಎಫ್‌ಪಿಜಿಎ ಅಂದರೆ ಕೊಂಡ ಮೇಲೆ ಒಳಗಿನ ಸರ್ಕ್ಯೂಟನ್ನು ನಾವೇ ಬದಲಿಸಿಕೊಳ್ಳಬಹುದಾದ ಚಿಪ್. ಓಪನ್ ಸೋರ್ಸ್ ಅಂದರೆ ಡಿಸೈನನ್ನು ಎಲ್ಲರಿಗೂ ತೆರೆದಿಡುವುದು. ಮೊದಲು ಬೋರ್ಡ್, ಅದರ ಲಾಭದಲ್ಲಿ ಸ್ವಂತ ಚಿಪ್. ಈ ಲೆಕ್ಕವನ್ನು 2019ರಲ್ಲಿ ನಾನೂ ಹಾಕಿದ್ದೆ.

ಬೆಂಗಳೂರಿನಲ್ಲಿ ಹಗಲು ಆಫೀಸು, ರಾತ್ರಿ ನಾನು ಮತ್ತು ಗೆಳೆಯ ಕೂತು ವೆರಿಲಾಗ್ (ಚಿಪ್ ಡಿಸೈನ್ ಬರೆಯುವ ಭಾಷೆ) ಬರೆಯುವುದು. ಲ್ಯಾಟಿಸ್ ಕಂಪನಿಯ ಇಸಿಪಿ5 ಅನ್ನುವ ಎಫ್‌ಪಿಜಿಎ ಚಿಪ್ ಹಿಡಿದೆವು. ಅದಕ್ಕೆ ಓಪನ್ ಸೋರ್ಸ್ ಟೂಲ್‌ಗಳು ಆಗಷ್ಟೇ ಬಂದಿದ್ದವು. ಪರದೆಯ ಮೇಲೆ ಮೊದಲ ತ್ರಿಕೋನ ತಿರುಗಿದ ರಾತ್ರಿ ಗೆಳೆಯ ಎಲ್ಲಿಂದಲೋ ಬಾದುಷಾ ತಂದಿದ್ದ.

ಆಮೇಲೆ ಆ ಚಿಪ್ ಕೂರಿಸಿದ ನಮ್ಮದೇ ಬೋರ್ಡ್ ಮಾರೋಣ ಅಂತ ಒಂದು ಫಾರ್ಮ್ ಮಾಡಿ ನೆಟ್‌ನಲ್ಲಿ ಹಾಕಿದೆವು. ‘ಈ ಬೋರ್ಡ್ ಬಂದರೆ ನಿಮಗೆ ಬೇಕಾ?’ 340 ಜನ ಹೌದು ಅಂದರು. ಫಾರ್ಮ್‌ನಲ್ಲಿ ಬೆಲೆ ಬರೆದಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಾನು ಮುಳುಗಿದ್ದು ಇಲ್ಲೇ. ಬೆಲೆ ಹಾಕದಿದ್ದಕ್ಕೆ ನನ್ನ ಹತ್ತಿರ ಕಾರಣವೂ ಇತ್ತು. ಎಷ್ಟು ಬೋರ್ಡ್ ಅಂತ ಗೊತ್ತಾಗದೆ ಬೆಲೆ ಹೇಗೆ ಹೇಳುವುದು? ಹತ್ತು ಮಾಡಿಸಿದರೆ ಒಂದು ರೇಟು, ನೂರು ಮಾಡಿಸಿದರೆ ಇನ್ನೊಂದು. ಹಾಗಾಗಿ ಮೊದಲು ತಲೆ ಎಣಿಸೋಣ, ಬೆಲೆ ಆಮೇಲೆ ಅಂದುಕೊಂಡೆ. ಕೇಳೋಕೆ ಸರಿಯಾಗೇ ಇದೆ ಅಲ್ವಾ? ಆದರೆ ಬೆಲೆ ಇಲ್ಲದ ಪ್ರಶ್ನೆಗೆ ಹೌದು ಅನ್ನಲು ಯಾರಿಗೂ ಏನೂ ಖರ್ಚಿಲ್ಲ. ಮದುವೆಗೆ ಬಂದೇ ಬರ್ತೀವಿ ಅಂದವರೆಲ್ಲ ಮುಯ್ಯಿ ಮಾಡುತ್ತಾರಾ? 340ರಲ್ಲಿ ಮೂರನೇ ಒಂದು ಪಾಲಾದರೂ ಕೊಳ್ಳುತ್ತಾರೆ ಅಂತ, ನಾನು ತುಂಬಾ ಹುಷಾರಿ ಅಂದುಕೊಂಡು, 120 ಬೋರ್ಡ್‌ಗೆ ಸಾಮಾನು ತರಿಸಿದೆ. ಚಿಪ್, ಪಿಸಿಬಿ (ಖಾಲಿ ಸರ್ಕ್ಯೂಟ್ ಹಲಗೆ), ಜೋಡಣೆ, ಕಸ್ಟಮ್ಸ್ ಎಲ್ಲ ಸೇರಿ 5 ಲಕ್ಷ ದಾಟಿತು. ಅದರಲ್ಲಿ ಹೆಂಡತಿ ಎತ್ತಿದ್ದ ಚೀಟಿ ದುಡ್ಡೂ ಇತ್ತು. 9 ಬೋರ್ಡ್ ಟೆಸ್ಟ್‌ನಲ್ಲೇ ಸತ್ತವು. ಆಮೇಲೆ 7,500 ರೂಪಾಯಿ ಅಂತ ಬೆಲೆ ಹೇಳಿ ದುಡ್ಡು ಕೇಳಿದೆ. ಕೊಟ್ಟವರು 23 ಜನ.

ನಮಗಿಂತ ಎಷ್ಟೋ ಗಟ್ಟಿ ಜನ ಈ ದಾರಿಯಲ್ಲಿ ಹೋಗಿದ್ದಾರೆ. ಅಮೆರಿಕದಲ್ಲಿ ಟಿಮೊತಿ ಮಿಲ್ಲರ್ ಅನ್ನುವ ಎಂಜಿನಿಯರ್ 2004ರ ಹೊತ್ತಿಗೆ ಓಪನ್ ಗ್ರಾಫಿಕ್ಸ್ ಪ್ರಾಜೆಕ್ಟ್ ಶುರು ಮಾಡಿದರು. ನೀವು ಕೇಳಿದ್ದೇ ಅವರ ಯೋಜನೆ ಕೂಡ. ಒಜಿಡಿ1 ಅನ್ನುವ ಎಫ್‌ಪಿಜಿಎ ಬೋರ್ಡ್ ಮಾರಿ, ಮುಂದೆ ಚಿಪ್ ಮಾಡಿಸುವುದು. 2008ರಲ್ಲಿ ಬುಕಿಂಗ್ ತೆರೆದಾಗ ಬೋರ್ಡ್ ಬೆಲೆ 1,500 ಡಾಲರ್. ಬೋರ್ಡ್ ಬಂತು, ಚಿಪ್ ಬರಲೇ ಇಲ್ಲ. ಅಷ್ಟರಲ್ಲಿ ಇನ್ನೊಂದು ಆಗಿತ್ತು. 2007ರಲ್ಲಿ ಗ್ರಾಫಿಕ್ಸ್ ಕಾರ್ಡ್ ಮಾಡುವ ಎಎಂಡಿ ಕಂಪನಿ, ಬೇರೆಯವರೂ ಡ್ರೈವರ್ (ಕಾರ್ಡನ್ನು ಓಡಿಸುವ ಸಾಫ್ಟ್‌ವೇರ್) ಬರೆಯಲು ಆಗುವಂತೆ ತನ್ನ ಕಾರ್ಡ್‌ಗಳ ದಾಖಲೆಗಳನ್ನು ಬಿಡುಗಡೆ ಮಾಡಲು ಶುರು ಮಾಡಿತು. ಲಿನಕ್ಸ್‌ನಲ್ಲಿ ಸರಿಯಾಗಿ ಓಡುವ ಕಾರ್ಡ್ ಸಿಕ್ಕರೆ ಸಾಕು ಅನ್ನುತ್ತಿದ್ದ ಗಿರಾಕಿ ಅಲ್ಲೇ ಅರ್ಧ ಕಳಚಿಕೊಂಡ. ಅವನಿಗೆ ಬೇಕಿದ್ದದ್ದು ಡ್ರೈವರ್, ಚಿಪ್‌ನೊಳಗಿನ ವೆರಿಲಾಗ್ ಅಲ್ಲ.

2013ರಲ್ಲಿ ಇನ್ನೊಂದು ತಂಡ, ಮುಚ್ಚಿಹೋಗಿದ್ದ ನಂಬರ್ ನೈನ್ ಕಂಪನಿಯ ಹಳೆಯ ಗ್ರಾಫಿಕ್ಸ್ ಡಿಸೈನನ್ನೇ ಓಪನ್ ಸೋರ್ಸ್ ಮಾಡುತ್ತೇವೆ ಅಂತ, ಜನರಿಂದ ದುಡ್ಡು ಎತ್ತುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ 2 ಲಕ್ಷ ಡಾಲರ್ ಕೇಳಿತು. ಹತ್ತರಲ್ಲಿ ಒಂದು ಪಾಲೂ ಸೇರಲಿಲ್ಲ.

ನಿಮ್ಮ ಲೆಕ್ಕವನ್ನೇ ಹಾಕಿ ನೋಡಿ. ಹಳೆಯ ತಂತ್ರಜ್ಞಾನದಲ್ಲೇ ಮಾಡಿಸಿದರೂ ಮಾಸ್ಕ್ (ಚಿಪ್‌ನ ಚಿತ್ರ ಮೂಡಿಸುವ ಅಚ್ಚು), ಪರೀಕ್ಷೆ, ಎಂಜಿನಿಯರ್‌ಗಳ ಸಂಬಳ ಸೇರಿ 5 ಕೋಟಿ ಅಂತಿಟ್ಟುಕೊಳ್ಳಿ. ಬೋರ್ಡ್‌ಗೆ 2,000 ಲಾಭ ಅಂದರೂ 25,000 ಬೋರ್ಡ್ ಮಾರಬೇಕು. ಆಮೇಲೆ ಬರುವ ಚಿಪ್ ಯಾರದೋ ಹಳೆಯ ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್‌ಗಿಂತ ನಿಧಾನ. ಕೊಳ್ಳೋದು ಯಾರು?

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಬೋರ್ಡ್ ಲಾಭದಿಂದ ಚಿಪ್ ಹುಟ್ಟೋದಿಲ್ಲ. ಈ ಕ್ಷೇತ್ರದಲ್ಲಿ ಒಂದು ಹಂತಕ್ಕಾದರೂ ಬಂದ ಕೆಲಸಗಳನ್ನು ನೋಡಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಿಯಾವ್, ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ವೋರ್ಟೆಕ್ಸ್, ಎರಡೂ ಓಪನ್ ಸೋರ್ಸ್ ಗ್ರಾಫಿಕ್ಸ್ ಪ್ರೊಸೆಸರ್ ಡಿಸೈನ್‌ಗಳು. ಅಲ್ಲಿ ಸಂಬಳ, ಸ್ಟೈಪೆಂಡ್ ಬಂದದ್ದು ಸಂಶೋಧನೆಯ ದುಡ್ಡಿನಿಂದ, ಗಿರಾಕಿಯ ಜೇಬಿನಿಂದಲ್ಲ. ನಿಮಗೂ ಹಾಗೆ ಸಂಬಳ ಕೊಡುವವರು ಸಿಕ್ಕರೆ ಖಂಡಿತ ಮಾಡಿ. ಇಲ್ಲದಿದ್ದರೆ ಮಾರುಕಟ್ಟೆಯಲ್ಲಿ ಸಿಗುವ ಯಾವುದಾದರೂ ಬೋರ್ಡ್ ಮೇಲೆ ಕೋಡ್ ಬರೆದು ಸುಮ್ನೆ ಹಂಚಿ. ಹಾರ್ಡ್‌ವೇರ್ ದಾಸ್ತಾನು ಮಾತ್ರ ಇಟ್ಟುಕೊಳ್ಳಬೇಡಿ.

ನನ್ನ ದಾಸ್ತಾನು ಎರಡು ವರ್ಷ ಮಂಚದ ಕೆಳಗಿತ್ತು. 2021ರಲ್ಲಿ ಎಲ್ಲ ಕಡೆ ಚಿಪ್‌ಗೆ ಬರ ಬಂದಾಗ ಒಬ್ಬರು ಫೋನ್ ಮಾಡಿ, ಒಟ್ಟಿಗೆ 70 ಬೋರ್ಡ್ ಬೇಕು ಅಂದರು. ಕೊನೆಗೂ ನಮ್ಮ ಗ್ರಾಫಿಕ್ಸ್‌ಗೆ ಬೆಲೆ ಬಂತು ಅಂತ ಹಿಗ್ಗಿದೆ. ಅವರು ಬೋರ್ಡ್ ಬಿಸಿ ಮಾಡಿ ಚಿಪ್ ಕಿತ್ತುಕೊಂಡು ತಮ್ಮ ಯಂತ್ರಕ್ಕೆ ಹಾಕಿಕೊಳ್ಳುವವರಂತೆ. ತಲಾ 3,000ದಂತೆ ಕೊಟ್ಟೆ. ಚೀಟಿ ದುಡ್ಡು ವಾಪಸ್ ಆಯಿತು, ಪೂರ್ತಿ ನಷ್ಟ ತುಂಬಲಿಲ್ಲ.

ಇನ್ನೂ 18 ಉಳಿದಿವೆ. ಕಲಿಯೋಕೆ ಬೇಕಿದ್ದರೆ ಒಂದು ಕಳಿಸುತ್ತೇನೆ. 2,000 ರೂಪಾಯಿ, ಕೊರಿಯರ್ ಖರ್ಚು ಬೇರೆ. ಈ ಸಲ ಬೆಲೆ ಮೊದಲೇ ಹೇಳಿದ್ದೇನೆ.