ಎನ್‌ಬಿ-ಐಒಟಿಯಲ್ಲಿ ಸಿಗ್ನಲ್ ಕಡಿಮೆ ಇರುವ ಮೀಟರಿಗೆ ಎಷ್ಟು ಟೋನ್ ಕೊಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಉಡುಪಿ ನಗರದ ನೀರಿನ ಮೀಟರುಗಳನ್ನು ಒಂದೇ ಎನ್‌ಬಿ-ಐಒಟಿ (ಮೀಟರಿನಂಥ ಸಣ್ಣ ಸಾಧನಗಳಿಗೆಂದೇ ಇರುವ ಮೊಬೈಲ್ ಜಾಲ) ಕ್ಯಾರಿಯರಿಗೆ, ಅಂದರೆ 180 ಕಿಲೋಹರ್ಟ್ಸಿನ ಒಂದೇ ಪಟ್ಟಿಗೆ, ಸೇರಿಸಿ ಸಿಮ್ಯುಲೇಶನ್ ಮಾಡಿದ್ದೀರಿ. ಸಿಗ್ನಲ್ ಕಡಿಮೆ ಇರುವ ಮೀಟರುಗಳಿಗೆ ಪೂರ್ತಿ 12 ಟೋನ್ (ಆ ಪಟ್ಟಿಯ ಸಣ್ಣ ಸೀಳುಗಳು) ಕೊಟ್ಟರೂ ವೇಗ ಏರುತ್ತಿಲ್ಲ, ಬದಲಿಗೆ ಉಳಿದವರೆಲ್ಲ ಕಾಯುತ್ತಿದ್ದಾರೆ. ಏರುವುದೂ ಇಲ್ಲ ಮಾರಾಯ್ರೆ. ಆ ಮೀಟರಿಗೆ ಕೊರತೆ ಇರುವುದು ಬ್ಯಾಂಡ್‌ವಿಡ್ತಿನದ್ದಲ್ಲ, ಪವರಿನದ್ದು.

ಮೀಟರಿನ ರೇಡಿಯೋ ಹೆಚ್ಚೆಂದರೆ 23 ಡಿಬಿಎಂ, ಅಂದರೆ 200 ಮಿಲಿವಾಟ್ ಬಿಡುತ್ತದೆ. ಒಂದು ಟೋನಿನಲ್ಲಿ ಬಿಟ್ಟರೂ ಹನ್ನೆರಡಕ್ಕೆ ಹರಡಿದರೂ ಒಟ್ಟು ಅಷ್ಟೇ. ತಟ್ಟೆ ದೊಡ್ಡದಾದರೆ ಅನ್ನ ಹೆಚ್ಚಾಗುವುದಿಲ್ಲ. 32 ಬೈಟಿನ ಒಂದು ರೀಡಿಂಗಿಗೆ 4 ರಿಸೋರ್ಸ್ ಯೂನಿಟ್ (ಟೋನು, ಸಮಯ ಎರಡೂ ಸೇರಿದ ಹಂಚಿಕೆಯ ಅಳತೆ) ಬೇಕು ಎಂದಿಟ್ಟುಕೊಳ್ಳಿ. ಒಂದು ಯೂನಿಟ್ 12 ಟೋನಿನಲ್ಲಿ 1 ಮಿಲಿಸೆಕೆಂಡ್, 6ರಲ್ಲಿ 2, 3ರಲ್ಲಿ 4, 15 ಕಿಲೋಹರ್ಟ್ಸಿನ ಒಂಟಿ ಟೋನಿನಲ್ಲಿ 8, 3.75 ಕಿಲೋಹರ್ಟ್ಸಿನ ಒಂಟಿ ಟೋನಿನಲ್ಲಿ 32 ಮಿಲಿಸೆಕೆಂಡ್ ಹಿಡಿಯುತ್ತದೆ. ನೆಲಮಾಳಿಗೆಯ ಮೀಟರೊಂದಕ್ಕೆ 15 ಕಿಲೋಹರ್ಟ್ಸಿನ ಒಂಟಿ ಟೋನಿನಲ್ಲಿ 32 ರಿಪಿಟಿಶನ್ (ಅದನ್ನೇ ಮತ್ತೆ ಮತ್ತೆ ಕಳಿಸುವುದು) ಬೇಕಾದರೆ 1024 ಮಿಲಿಸೆಕೆಂಡ್ ಆಯಿತು. ಅಷ್ಟೇ ಶಕ್ತಿಯನ್ನು 12 ಟೋನಿನಲ್ಲಿ ತಲುಪಿಸಲಿಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಅಂದರೆ 256 ರಿಪಿಟಿಶನ್. ಅಪ್‌ಲಿಂಕಿನ (ಮೀಟರಿನಿಂದ ಟವರಿಗೆ ಹೋಗುವ ದಾರಿ) ಮಿತಿಯೇ 128! ಒಂದು ವೇಳೆ ಆಗುತ್ತಿದ್ದರೂ ಆ ಒಂದು ಸೆಕೆಂಡ್ ಇಡೀ 180 ಕಿಲೋಹರ್ಟ್ಸ್ ಒಬ್ಬನ ಕೈಯಲ್ಲಿ. 3.75ರಲ್ಲಾದರೆ 8 ರಿಪಿಟಿಶನ್ನಿಗೆ ಅದೇ 1024 ಮಿಲಿಸೆಕೆಂಡ್, ಆದರೆ ಹಿಡಿಯುವ ಜಾಗ 48ರಲ್ಲಿ ಒಂದು ಪಾಲು ಮಾತ್ರ. ನಿರಂತರವಾಗಿ 256 ಮಿಲಿಸೆಕೆಂಡ್ ಕಳಿಸಿದ ಮೇಲೆ 40 ಮಿಲಿಸೆಕೆಂಡ್ ಬಿಡುವು ಕಡ್ಡಾಯ ಎಂಬುದನ್ನು ಸಿಮ್ಯುಲೇಶನ್ನಿಗೆ ಸೇರಿಸಿದ್ದೀರಾ ನೋಡಿ. ಹೆಚ್ಚಿನವರು ಮರೆಯುವುದು ಅದನ್ನೇ.

ಹಾಗಾಗಿ ನಾನಾದರೆ ಹತ್ತಿರದವರಿಗೆ 12 ಅಥವಾ 6 ಟೋನ್ ಕೊಟ್ಟು ಬೇಗ ಮುಗಿಸಿ ಮಲಗಿಸುತ್ತೇನೆ, ಮಧ್ಯದವರಿಗೆ 3 ಅಥವಾ 1, ತೀರಾ ಒಳಗಿರುವವರಿಗೆ 3.75. ಇಲ್ಲಿ ಒಂದು ತೊಡಕು ಉಂಟು. 15 ಬೇಕೋ 3.75 ಬೇಕೋ ಎಂಬುದನ್ನು ಬೇಸ್ ಸ್ಟೇಷನ್ ರ‍್ಯಾಂಡಮ್ ಆಕ್ಸೆಸ್ ರೆಸ್ಪಾನ್ಸಿನಲ್ಲೇ, ಅಂದರೆ ಮೀಟರು ಸಂಪರ್ಕ ಕೇಳಿ ಬಾಗಿಲು ತಟ್ಟಿದಾಗ ಕೊಡುವ ಉತ್ತರದಲ್ಲೇ, ಹೇಳಬೇಕು. ಆ ಹೊತ್ತಿಗೆ ಅದಕ್ಕೆ ಮುಖ್ಯವಾಗಿ ಗೊತ್ತಿರುವುದು ಮೀಟರು ಯಾವ ಕವರೇಜ್ ಮಟ್ಟದಿಂದ (ಸಿಗ್ನಲಿನ ಬಲ ನೋಡಿ ಮಾಡಿದ ಗುಂಪು) ಬಂದಿದೆ ಎಂಬುದು. ಮಟ್ಟದ ಮಿತಿ ತಪ್ಪಿದರೆ ಹಂಚಿಕೆಯೂ ತಪ್ಪುತ್ತದೆ.

ಡೌನ್‌ಲಿಂಕಿನಲ್ಲಿ (ಟವರಿನಿಂದ ಮೀಟರಿಗೆ ಬರುವ ದಾರಿ) ಟೋನ್ ಹಂಚುವ ಸೌಲಭ್ಯವೇ ಇಲ್ಲ, ಸಮಯ ಮಾತ್ರ. ಆಂಕರ್ ಕ್ಯಾರಿಯರಿನಲ್ಲಿ (ಮೀಟರು ಮೊದಲು ಹುಡುಕಿ ಹಿಡಿಯುವ ಮುಖ್ಯ ಕ್ಯಾರಿಯರ್) 1 ಮಿಲಿಸೆಕೆಂಡಿನ ಪ್ರತಿ 20 ಸಬ್‌ಫ್ರೇಮಿನಲ್ಲಿ 5 ಸಿಂಕ್ ಮತ್ತು ಬ್ರಾಡ್‌ಕಾಸ್ಟಿಗೇ ಹೋಗುತ್ತವೆ, ಸಿಸ್ಟಮ್ ಇನ್ಫರ್ಮೇಶನ್ ಬೇರೆ. 512 ರಿಪಿಟಿಶನ್ನಿನ ಒಂದು ಕಂಟ್ರೋಲ್ ಸಂದೇಶ ಕನಿಷ್ಠ 680 ಮಿಲಿಸೆಕೆಂಡ್ ಎಳೆಯುತ್ತದೆ. ಸರ್ಚ್ ಸ್ಪೇಸ್ (ಮೀಟರು ತನ್ನ ಕಂಟ್ರೋಲ್ ಸಂದೇಶ ಹುಡುಕುವ ಹೊತ್ತು) ಮರುಕಳಿಸುವ ಅವಧಿ ಎಂದರೆ ಗರಿಷ್ಠ ರಿಪಿಟಿಶನ್ ಗುಣಿಸು ಜಿ. ಜಿ ಎಂದರೆ ನಾವು ಇಡುವ ಒಂದು ಗುಣಕ. ಗರಿಷ್ಠ 64, ಜಿ 1.5 ಇಟ್ಟರೆ 96ರಲ್ಲಿ 64 ಸಬ್‌ಫ್ರೇಮ್ ಕಂಟ್ರೋಲಿಗೇ ಮೀಸಲು. ಆಳದ ಮಟ್ಟಕ್ಕೆ ಜಿ 4 ಅಥವಾ 8 ಇಡಿ. ವಿಳಂಬ ಹೆಚ್ಚುತ್ತದೆ, ನಿಜ, ಆದರೆ ನೀರಿನ ಮೀಟರಿಗೆ ಯಾವ ಅವಸರ?

ನಿಮ್ಮ ಸೆಲ್ ನಿಜವಾಗಿ ಕಟ್ಟಿಕೊಳ್ಳುತ್ತಿರುವುದು ರ‍್ಯಾಂಡಮ್ ಆಕ್ಸೆಸಿನಲ್ಲಿ ಎಂದು ನನ್ನ ಅನುಮಾನ. ಎಲ್ಲ ಮೀಟರುಗಳೂ ಬೆಳಿಗ್ಗೆ 6ಕ್ಕೆ ಸರಿಯಾಗಿ ಏಳುವಂತೆ ಬರೆದಿದ್ದೀರಿ. 12 ಸಬ್‌ಕ್ಯಾರಿಯರಿನ (ಇಲ್ಲಿ 3.75 ಕಿಲೋಹರ್ಟ್ಸಿನ ಒಂದೊಂದು ಸೀಳು) ಒಂದು ಅವಕಾಶಕ್ಕೆ 10 ಮೀಟರು ಒಟ್ಟಿಗೆ ಬಂದರೆ, ಒಂದು ಮೀಟರು ಡಿಕ್ಕಿಯಿಲ್ಲದೆ ಪಾರಾಗುವ ಸಾಧ್ಯತೆ ಸುಮಾರು ಶೇ 46. 48 ಸಬ್‌ಕ್ಯಾರಿಯರ್ ಇದ್ದರೆ ಶೇ 83. ಡಿಕ್ಕಿಯಾದದ್ದು ಮೀಟರಿಗೆ ಗೊತ್ತಾಗುವುದಿಲ್ಲ. ಉತ್ತರ ಬರಲಿಲ್ಲ ಎಂದು ಮತ್ತೆ ಮತ್ತೆ ಪ್ರಯತ್ನಿಸಿ, ನಿಗದಿತ ಸಂಖ್ಯೆ ಮುಗಿದ ಮೇಲೆ ಮುಂದಿನ ಕವರೇಜ್ ಮಟ್ಟಕ್ಕೆ ಹೋಗುತ್ತದೆ. ಟವರಿನ ಬುಡದಲ್ಲಿರುವ ಮೀಟರೂ ಹೀಗೆ 32 ರಿಪಿಟಿಶನ್ನಿನ ಸಾಲಿಗೆ ಬಂದು ನಿಲ್ಲುತ್ತದೆ. ಅಲ್ಲಿ ಒಂದು ಪ್ರಿಯಾಂಬಲ್ (ಬಾಗಿಲು ತಟ್ಟುವ ಸಂಕೇತ) 5.6 ಮಿಲಿಸೆಕೆಂಡ್ ಗುಣಿಸು 32, ಅಂದರೆ 179 ಮಿಲಿಸೆಕೆಂಡ್. ಈ ಅವಕಾಶ ಮರುಕಳಿಸುವ ಅವಧಿ 240 ಮಿಲಿಸೆಕೆಂಡ್ ಇಟ್ಟರೆ ಆ 12 ಸಬ್‌ಕ್ಯಾರಿಯರುಗಳ 45 ಕಿಲೋಹರ್ಟ್ಸಿನ ಮುಕ್ಕಾಲು ಪಾಲು ಹೊತ್ತು ಪ್ರಿಯಾಂಬಲಿಗೇ ಹೋಯಿತು, ಡೇಟಾ ಮುಂದೂಡುತ್ತಲೇ ಇರುತ್ತದೆ. 640 ಇಟ್ಟರೆ ಶೇ 28. ಪ್ರತಿ ಮೀಟರಿನ ಸೀರಿಯಲ್ ನಂಬರನ್ನು 3600ರಿಂದ ಭಾಗಿಸಿ ಉಳಿದ ಶೇಷದಷ್ಟು ಸೆಕೆಂಡ್ ತಡವಾಗಿ ಏಳುವಂತೆ ಮಾಡಿ. ಶೆಡ್ಯೂಲರ್ (ಟೋನ್, ಸಮಯ ಹಂಚುವ ತಂತ್ರಾಂಶ) ಮುಟ್ಟದೆಯೇ ಅರ್ಧ ಸಮಸ್ಯೆ ಹೋಗುತ್ತದೆ. ಅದೇ ಸೆಲ್ಲಿನಲ್ಲಿ ಕರೆಂಟಿನ ಮೀಟರುಗಳೂ ಇದ್ದರೆ ಮಳೆಗಾಲದಲ್ಲಿ ಲೈನ್ ಹೋಗಿ ಬಂದಾಗಲೂ ಇದೇ ಕತೆ, ಅವಕ್ಕೂ ಇದೇ ಮದ್ದು.

ಪಾತ್‌ಲಾಸಿನಲ್ಲಿ (ದಾರಿಯಲ್ಲಿ ಸಿಗ್ನಲ್ ಕಳೆದುಕೊಳ್ಳುವ ಬಲ) ಮಳೆಗೆಂದು 6 ಡಿಬಿ ಸೇರಿಸಿದ್ದೀರಿ, ಅದನ್ನು ತೆಗೆಯಿರಿ. 900 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಆಟಿಯ ಮಳೆಯೂ ಲೆಕ್ಕಕ್ಕೆ ಬರುವಷ್ಟು ನಷ್ಟ ಮಾಡುವುದಿಲ್ಲ. ನಷ್ಟ ಮಾಡುವುದು ನೀರು ಕುಡಿದ ಮುರಕಲ್ಲಿನ ಗೋಡೆ, ಒದ್ದೆ ಮರಗಳು, ಎಲ್ಲಕ್ಕಿಂತ ಮೇಲಾಗಿ ನೀರು ತುಂಬಿದ ಮೀಟರ್ ಗುಂಡಿಯ ಕಬ್ಬಿಣದ ಮುಚ್ಚಳ. ಅದನ್ನು ಎಲ್ಲರಿಗೂ ಸಮನಾಗಿ ಸೇರಿಸಲಿಕ್ಕಾಗುವುದಿಲ್ಲ. ಕೆಲವು ಗುಂಡಿಗಳಲ್ಲಿ ಎಪ್ರಿಲಿನಲ್ಲೊಮ್ಮೆ, ಜುಲೈಯಲ್ಲೊಮ್ಮೆ ಸಿಗ್ನಲ್ ಅಳೆಯಿರಿ. ಮೊದಲ ಮಟ್ಟದಿಂದ ಎರಡನೆಯದಕ್ಕೆ ಜಾರುವ ಮೀಟರುಗಳು ಹೆಚ್ಚಿದ್ದರೆ ಆ ಎರಡನೇ ಮಟ್ಟಕ್ಕೆ 12ರ ಬದಲು 24 ಸಬ್‌ಕ್ಯಾರಿಯರ್ ಕೊಡಿ.