ಪರೀಕ್ಷೆಗೆ ಓದುತ್ತಲೇ ಗೈಡ್ ಹುಡುಕಿ

ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮುಗಿದಿದೆ, ಬಾಗೇಪಲ್ಲಿ ಕಡೆಯ ಫ್ಲೋರೈಡ್ ನೀರಿನ ಮೇಲೆ ಪಿಎಚ್‌ಡಿ ಮಾಡಬೇಕು, ಮನೆಯಲ್ಲಿ ದುಡ್ಡು ಕೇಳೋ ಹಾಗಿಲ್ಲ, ಮೊದಲು ಗೈಡಾ (ಪಿಎಚ್‌ಡಿಗೆ ದಾರಿ ತೋರಿಸೋ ಪ್ರಾಧ್ಯಾಪಕರು) ಪರೀಕ್ಷೆನಾ ಅಂತ ಕೇಳಿದ್ದೀರಲ್ಲ, ಪರೀಕ್ಷೆಗೆ ಓದೋಕೆ ಇವತ್ತೇ ಕೂತ್ಕೊಳ್ಳಿ, ಜೊತೆಗೇ ಗೈಡನ್ನೂ ಹುಡುಕಿ. ಯುಜಿಸಿ ನೆಟ್ ಅನ್ನೋ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ‘ಸೋಷಿಯಲ್ ಮೆಡಿಸಿನ್ ಅಂಡ್ ಕಮ್ಯುನಿಟಿ ಹೆಲ್ತ್’ ಅನ್ನೋ ವಿಷಯವೇ ಇದೆ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ನೆಟ್‌ನಲ್ಲಿ ಬರೀ ಪಿಎಚ್‌ಡಿ ಪ್ರವೇಶಕ್ಕೆ ಅರ್ಹತೆ ಬಂದರೆ ಈ ಹಣ ಬರಲ್ಲ, ಅದು ನೆನಪಿರಲಿ.

ಗೈಡ್‌ಗೆ ‘ಫ್ಲೋರೈಡ್ ಬಗ್ಗೆ ಆಸಕ್ತಿ ಇದೆ ಸರ್’ ಅಂತ ಸುಮ್ನೆ ಮೇಲ್ ಹಾಕಬೇಡಿ. ಅವರ ಒಂದೆರಡು ಪೇಪರ್ ಓದಿ, ಒಂದೇ ಪುಟದಲ್ಲಿ ನಿಮ್ಮ ಪ್ರಶ್ನೆ ಬರೆಯಿರಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಹಲ್ಲು, ಮೂಳೆಗೆ ಕೆಟ್ಟದ್ದು ಅನ್ನೋದು ಅವರಿಗೆ ಗೊತ್ತೇ ಇದೆ. ಊರಲ್ಲಿ ಶುದ್ಧ ನೀರಿನ ಘಟಕ ಇದ್ದರೂ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬಂದ ಮನೆಯಲ್ಲೇ ಸಾರಿಗೆ, ಮುದ್ದೆಗೆ ಬೋರ್‌ವೆಲ್ ನೀರು ಹಾಕ್ತಾರಲ್ವಾ, ಅದರಿಂದ ಮಕ್ಕಳ ಮೈಗೆ ಎಷ್ಟು ಫ್ಲೋರೈಡ್ ಸೇರುತ್ತೆ? ಇಂಥದ್ದು ಕೇಳಿ. ನಿಮಗೆ ತೆಲುಗೂ ಬರುತ್ತೆ ಅಂದಿದ್ದೀರಿ, ಅದನ್ನೂ ಬರೆಯಿರಿ. ಆಂಧ್ರ ಗಡಿಯ ಹಳ್ಳಿಗಳಲ್ಲಿ ಮನೆಮನೆ ಸರ್ವೆಗೆ ಅದು ನಿಜಕ್ಕೂ ದೊಡ್ಡ ಬಲ. ಎಥಿಕ್ಸ್ ಕಮಿಟಿ (ಜನರ ಮೇಲಿನ ಸಂಶೋಧನೆ ಸರಿಯಾಗಿದೆಯಾ ಅಂತ ನೋಡೋ ಸಮಿತಿ) ಒಪ್ಪಿಗೆ ಸಿಗೋವರೆಗೆ ಮಾತ್ರ ಯಾರ ಮನೆಗೂ ಫಾರಂ ಹಿಡಿದು ಹೋಗಬೇಡಿ.